ಊರಿನ ಕೊಳಚೆ ಮತ್ತು ನದಿಯ ಉಸಿರು

ಬಚ್ಚಲಿನ ನೀರು ಚರಂಡಿಯನ್ನು ಸೇರಿದೊಡನೆ ಮನೆಯವರು ಅದನ್ನು ಮರೆಯುವುದು ಲೋಕರೂಢಿ. ಆದರೆ ಕಣ್ಮರೆಯಾದ ನೀರು ಇಲ್ಲದಂತಾಗುವುದಿಲ್ಲ. ಚಿಗಟೇರಿಯನ್ನೊಳಗೊಂಡ ಹರಪನಹಳ್ಳಿ ಸೀಮೆಯ ಹಳ್ಳಕೊಳ್ಳಗಳು ಕಡೆಗೆ ತುಂಗಭದ್ರೆಯ ಕಡೆಗೇ ಇಳಿಯುತ್ತವೆ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ಒಂದಾದ ಈ ನದಿಯು ಹರಿಹರವನ್ನು ದಾಟಿ, ಹರಪನಹಳ್ಳಿ, ಹಡಗಲಿ ತಾಲೂಕುಗಳ ಅಂಚಿನಲ್ಲಿ ಹರಿದು, ಹೊಸಪೇಟೆಯ ಬಳಿಯ ಜಲಾಶಯವನ್ನು ಸೇರುತ್ತದೆ. ಮೇಲಿನ ಊರು ಬಿಟ್ಟ ನೀರನ್ನೇ ಕೆಳಗಿನ ಊರು ಎತ್ತಿಕೊಳ್ಳಬೇಕಾಗಿದೆ.

ಹರಿಯುವ ನೀರಿಗೆ ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ಶಕ್ತಿಯುಂಟು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯನ್ನು ಆಹಾರವಾಗಿ ತಿಂದು ಕರಗಿಸುತ್ತವೆ. ಈ ಕಾರ್ಯಕ್ಕೆ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಮೀನುಗಳು ಉಸಿರಾಡುವುದೂ ಅದೇ ಆಮ್ಲಜನಕವನ್ನು. ಕೊಳೆ ಮಿತಿಮೀರಿದರೆ ಆಮ್ಲಜನಕ ತೀರಿ, ಮೀನುಗಳು ಸಾಯುತ್ತವೆ. ನೀರು ಕಪ್ಪಾಗಿ ನಾರುತ್ತದೆ.

ಮಿತಿ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 10,000 ಜನರಿರುವ ಊರಿನಲ್ಲಿ ತಲೆಗೆ 100 ಲೀಟರಿನಂತೆ ದಿನಕ್ಕೆ 10 ಲಕ್ಷ ಲೀಟರು ಕೊಳಚೆ ನೀರು ಹೊರಡುವುದೆಂದು ಭಾವಿಸೋಣ. ಅದರ ಪ್ರತಿ ಲೀಟರನ್ನು ಶುದ್ಧಗೊಳಿಸಲು ಸುಮಾರು 250 ಮಿಲಿಗ್ರಾಂ ಆಮ್ಲಜನಕ ಬೇಕು; ಅಂದರೆ ದಿನಕ್ಕೆ 250 ಕಿಲೋಗ್ರಾಂ. ಒಂದು ಲೀಟರು ತಿಳಿಯಾದ ನದಿನೀರಿನಲ್ಲಿ ಇರುವ ಆಮ್ಲಜನಕವಾದರೋ ಸುಮಾರು 8 ಮಿಲಿಗ್ರಾಂ ಮಾತ್ರ. ಆದುದರಿಂದ ಒಂದು ಪಾಲು ಕೊಳಚೆಯು ಮೂವತ್ತು ಪಾಲಿಗೂ ಹೆಚ್ಚಿನ ನದಿನೀರಿನ ಉಸಿರನ್ನು ಕಸಿಯಬಲ್ಲದು. ಗಾಳಿಯಿಂದ ನದಿಯು ಮತ್ತೆ ಆಮ್ಲಜನಕವನ್ನು ಪಡೆಯುವುದೇನೋ ನಿಜ. ಆದರೆ ಬೇಸಗೆಯಲ್ಲಿ ಹರಿವು ಸೊರಗಿದಾಗ ಆ ಗಳಿಕೆ ಸಾಲದು.

ನದಿಯ ಈ ಕೆಲಸವನ್ನು ಊರಿನ ಅಂಚಿನಲ್ಲಿಯೇ ಮಾಡಿ ಮುಗಿಸುವುದು ಶುದ್ಧೀಕರಣ ಘಟಕದ ಉದ್ದೇಶ. ಮೊದಲು ಕಬ್ಬಿಣದ ಸರಳುಗಳ ಜಾಲರಿಯು ಚಿಂದಿ, ಕಸಕಡ್ಡಿಗಳನ್ನು ತಡೆಯುತ್ತದೆ. ಬಳಿಕ ತೊಟ್ಟಿಯಲ್ಲಿ ನೀರು ನಿಂತು ಮಡ್ಡಿ ತಳಕ್ಕಿಳಿಯುತ್ತದೆ. ಮುಂದೆ ಸೂಕ್ಷ್ಮಜೀವಿಗಳ ಸರದಿ. ದೊಡ್ಡ ಘಟಕಗಳಲ್ಲಿ ಯಂತ್ರಗಳಿಂದ ಗಾಳಿಯೂದುವರು. ಸಣ್ಣ ಊರುಗಳಿಗೆ ಜಲ್ಲಿಕಲ್ಲಿನ ಹಾಸಿನಲ್ಲಿ ಜೊಂಡು ಬೆಳೆಸಿ ನೀರನ್ನು ಮೆಲ್ಲನೆ ಹಾಯಿಸುವ ವಿಧಾನವೂ ಉಂಟು. ಇದಕ್ಕೆ ವಿದ್ಯುತ್ತಿನ ಅವಶ್ಯಕತೆ ಅತ್ಯಲ್ಪ. ಚೆನ್ನಾಗಿ ನಡೆಯುವ ಘಟಕದಲ್ಲಿ ಲೀಟರಿಗೆ 250 ಮಿಲಿಗ್ರಾಂ ಇದ್ದ ಬೇಡಿಕೆಯು 30ಕ್ಕೆ ಇಳಿಯುತ್ತದೆ. ಆದರೂ ರೋಗಾಣುಗಳು ಉಳಿದಿರಬಹುದಾದ್ದರಿಂದ ಆ ನೀರು ಕುಡಿಯಲು ಯೋಗ್ಯವಲ್ಲ.

ಒಳಚರಂಡಿಯಿಲ್ಲದ ಊರುಗಳ ಶೌಚಗುಂಡಿಗಳ ಮಡ್ಡಿಗೂ ಉಪಾಯವುಂಟು. ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಮಡ್ಡಿಯನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಅಲ್ಲಿ ಮಡ್ಡಿಯನ್ನು ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುವ ಕ್ರಮವನ್ನು ಅನುಸರಿಸಲಾಯಿತು. ಹಳ್ಳಕ್ಕೆ ಸುರಿದಿದ್ದರೆ ವಿಷವಾಗುತ್ತಿದ್ದ ವಸ್ತುವೇ ಹೊಲಕ್ಕೆ ಸಾರವಾಯಿತು.

ಘಟಕವನ್ನು ಕಟ್ಟುವುದಷ್ಟೇ ಸಾಲದು. ಜಾಲರಿಯ ಕಸವನ್ನು ದಿನವೂ ತೆಗೆಯದಿದ್ದರೆ, ತೊಟ್ಟಿಯ ಮಡ್ಡಿಯನ್ನು ಕಾಲಕಾಲಕ್ಕೆ ಹೊರಹಾಕದಿದ್ದರೆ, ಅದು ಕೊಳಚೆಯ ಇನ್ನೊಂದು ದಾರಿಯಾದೀತೇ ಹೊರತು ಮತ್ತೇನೂ ಅಲ್ಲ. ಪ್ಲಾಸ್ಟಿಕ್ಕನ್ನೂ ಬಳಸಿದ ಎಣ್ಣೆಯನ್ನೂ ಚರಂಡಿಗೆ ಸುರಿಯದಿರುವುದು ಪ್ರತಿ ಮನೆಯ ಪಾಲಿನ ಕೆಲಸ. ನದಿಯ ರಕ್ಷಣೆ ನದಿಯ ದಡದಲ್ಲಿ ಆರಂಭವಾಗುವುದಿಲ್ಲ. ಬಚ್ಚಲಿನ ಬಾಯಲ್ಲೇ ಆರಂಭವಾಗುತ್ತದೆ.