ವಾಣಿಜ್ಯ ಕಟ್ಟಡಕ್ಕೆ ಸ್ಪ್ರಿಂಕ್ಲರ್: ಅನುಮತಿ ಏಕೆ, ಹೇಗೆ?



ಕೊಟ್ಟಾರ ಚೌಕಿಯಲ್ಲಿ ಬಸ್ಸಿಗೆ ಕಾಯುವಾಗ ಹೆದ್ದಾರಿಯ ಎರಡೂ ಬದಿಯ ಕಟ್ಟಡಗಳನ್ನು ನೋಡಿರುತ್ತೀರಿ. ಕೆಳಗೆ ಬಟ್ಟೆ ಅಂಗಡಿ ಅಥವಾ ಪೀಠೋಪಕರಣದ ಮಳಿಗೆ, ಮೇಲೆ ಕಚೇರಿ, ಅದರ ಮೇಲೆ ಕೋಚಿಂಗ್ ಕ್ಲಾಸ್. ನಿಮ್ಮಲ್ಲಿ ಹಲವರ ಮನೆಯವರು ವ್ಯಾಪಾರದಲ್ಲಿದ್ದಾರೆ. ನಾಳೆ ನೀವೇ ಒಂದು ಮಳಿಗೆ ಬಾಡಿಗೆಗೆ ಹಿಡಿಯಬಹುದು, ಕಟ್ಟಡವನ್ನೇ ಕಟ್ಟಿಸಬಹುದು. ಆಗ ಎದುರಾಗುವ ಒಂದು ವಿಷಯವನ್ನು ಈ ಪಾಠದಲ್ಲಿ ತಿಳಿಯೋಣ.

ಸ್ಪ್ರಿಂಕ್ಲರ್ ಹೇಗೆ ಕೆಲಸ ಮಾಡುತ್ತದೆ?

ಛಾವಣಿಯ ಕೆಳಗೆ ಸದಾ ನೀರು ತುಂಬಿದ ಕೊಳವೆಗಳಿರುತ್ತವೆ. ಪ್ರತಿ ತುದಿಯ ಬಾಯನ್ನು ಒಂದು ಸಣ್ಣ ಗಾಜಿನ ಬುರುಡೆ ತಡೆದು ನಿಲ್ಲಿಸಿರುತ್ತದೆ. ಅದರೊಳಗಿನ ದ್ರವ ಬಿಸಿಗೆ ಹಿಗ್ಗಿ ಗಾಜನ್ನು ಒಡೆಯುತ್ತದೆ. ಭೌತಶಾಸ್ತ್ರದಲ್ಲಿ ಓದಿದ ಉಷ್ಣ ವ್ಯಾಕೋಚನವೇ ಇದು. ಕೆಂಪು ಬುರುಡೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ, ಹಳದಿಯದು 79ಕ್ಕೆ, ಹಸಿರಿನದು 93ಕ್ಕೆ. ಸಿನಿಮಾದಲ್ಲಿ ತೋರಿಸುವಂತೆ ಇಡೀ ಮಹಡಿಯಲ್ಲಿ ಒಟ್ಟಿಗೆ ನೀರು ಸುರಿಯುವುದಿಲ್ಲ. ಬಿಸಿ ತಾಗಿದ ತುದಿ ಮಾತ್ರ ತೆರೆಯುತ್ತದೆ. ಅಗ್ನಿಶಾಮಕ ವಾಹನ ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ವಾಹನ ದಟ್ಟಣೆ ದಾಟಿ ಬರುವಷ್ಟರಲ್ಲಿ ಬೆಂಕಿಯನ್ನು ಸಣ್ಣದಾಗಿ ಹಿಡಿದಿಡುವುದೇ ಅದರ ಕೆಲಸ.

ಅನುಮತಿ ಕೊಡುವವರು ಯಾರು?

ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳಲ್ಲಿ ಒಂದು. ಆದರೆ ಕರ್ನಾಟಕದಲ್ಲಿ ಅದು ರಾಜ್ಯದ ಇಲಾಖೆ: ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಹೀಗಾಗಿ ಎತ್ತರದ ವಾಣಿಜ್ಯ ಕಟ್ಟಡ ಕಟ್ಟುವವರು ಎರಡು ಬಾಗಿಲು ತಟ್ಟಬೇಕು. ಕಟ್ಟಡ ಪರವಾನಗಿಗೆ ಲಾಲ್‌ಬಾಗ್‌ನಲ್ಲಿರುವ ಮಂಗಳೂರು ಮಹಾನಗರ ಪಾಲಿಕೆ; ಬೆಂಕಿ ಸುರಕ್ಷತೆಯ ನಿರಾಕ್ಷೇಪಣಾ ಪತ್ರಕ್ಕೆ, ಅಂದರೆ ಎನ್‌ಒಸಿಗೆ, ಅಗ್ನಿಶಾಮಕ ಇಲಾಖೆ. ಸ್ಪ್ರಿಂಕ್ಲರ್ ವ್ಯವಸ್ಥೆಯ ಪರಿಶೀಲನೆ ಈ ಎನ್‌ಒಸಿಯ ಭಾಗವಾಗಿಯೇ ನಡೆಯುತ್ತದೆ.

ಕ್ರಮ ಹೇಗೆ?

ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ, ಮೇಲೆ ಏಳು ಮಹಡಿ ಇರುವ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ.

1. ಬಳಕೆ ನಿರ್ಧಾರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಬೆಂಕಿ ಮತ್ತು ಜೀವ ಸುರಕ್ಷತೆಗೆ ಸಂಬಂಧಿಸಿದ್ದು. ಅದು ಕಟ್ಟಡಗಳನ್ನು ಬಳಕೆಯ ಪ್ರಕಾರ ಒಂಬತ್ತು ಗುಂಪು ಮಾಡುತ್ತದೆ. ಅಂಗಡಿ ಒಂದು ಗುಂಪು, ಕಚೇರಿ ಇನ್ನೊಂದು, ಶಿಕ್ಷಣ ಸಂಸ್ಥೆ ಮತ್ತೊಂದು, ಗೋದಾಮು ಬೇರೆಯೇ. ಬಳಕೆ, ಎತ್ತರ, ವಿಸ್ತೀರ್ಣ ನೋಡಿ ಸ್ಪ್ರಿಂಕ್ಲರ್ ಎಲ್ಲೆಲ್ಲಿ ಬೇಕೆಂದು ತೀರ್ಮಾನವಾಗುತ್ತದೆ.

2. ನಕ್ಷೆ ಮತ್ತು ಲೆಕ್ಕ. ಮೆಟ್ಟಿಲು, ಹೊರಹೋಗುವ ದಾರಿ, ಅಗ್ನಿಶಾಮಕ ವಾಹನ ತಿರುಗುವ ಜಾಗ, ನೀರಿನ ಟ್ಯಾಂಕ್, ಪಂಪ್ ಎಲ್ಲವನ್ನೂ ನಕ್ಷೆಯಲ್ಲಿ ತೋರಿಸಬೇಕು. ಸ್ಪ್ರಿಂಕ್ಲರ್ ವಿನ್ಯಾಸಕ್ಕೆ ಐಎಸ್ 15105 ಎಂಬ ಭಾರತೀಯ ಮಾನಕವಿದೆ.

3. ಸ್ಥಳ ಪರಿಶೀಲನೆ ಮತ್ತು ಎನ್‌ಒಸಿ. ಅಧಿಕಾರಿಗಳು ನಿವೇಶನ ನೋಡಿ ಷರತ್ತುಗಳನ್ನು ಬರೆದು ಎನ್‌ಒಸಿ ಕೊಡುತ್ತಾರೆ. ಕೆಲಸ ಆರಂಭವಾಗುವುದು ಇದರ ನಂತರ.

4. ಅಳವಡಿಕೆ ಮತ್ತು ಪರೀಕ್ಷೆ. ಕೊಳವೆಗಳಿಗೆ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡಬೇಕು. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಇದು ಮುಗಿಯಬೇಕು.

5. ಅಂತಿಮ ತಪಾಸಣೆ. ಷರತ್ತುಗಳೆಲ್ಲ ಪಾಲನೆಯಾಗಿದ್ದರೆ ಇಲಾಖೆ ಕ್ಲಿಯರೆನ್ಸ್ ಪತ್ರ ಕೊಡುತ್ತದೆ. ಆಮೇಲೆ ಪಾಲಿಕೆಯಿಂದ ಸ್ವಾಧೀನಾನುಭವ ಪತ್ರ, ಅಂದರೆ ಒಸಿ. ಅದು ಬಂದ ಮೇಲೆಯೇ ಬಾಡಿಗೆದಾರರು ಒಳಗೆ ಬರಬೇಕು.

ಲೆಕ್ಕ ಏಕೆ ಕೇಳುತ್ತಾರೆ?

ಒಂದು ಮಾದರಿ ಲೆಕ್ಕ ಮಾಡೋಣ. ಮಳಿಗೆಯ ಪ್ರತಿ ಚದರ ಮೀಟರ್‌ಗೆ ನಿಮಿಷಕ್ಕೆ 5 ಲೀಟರ್ ನೀರು ಬೀಳಬೇಕು, ಒಂದು ತುದಿ 12 ಚದರ ಮೀಟರ್ ಜಾಗ ನೋಡಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆ ತುದಿಯಿಂದ ನಿಮಿಷಕ್ಕೆ 5 × 12 = 60 ಲೀಟರ್ ಬರಬೇಕು. ಆರು ತುದಿಗಳು ತೆರೆದರೆ 360 ಲೀಟರ್. ತಾರಸಿಯ ಮೇಲೆ 1000 ಲೀಟರ್ ಟ್ಯಾಂಕ್ ಇಟ್ಟು "ನೀರಿದೆ" ಎಂದರೆ, ಅದು ಮೂರು ನಿಮಿಷದೊಳಗೆ ಖಾಲಿ.

ಒತ್ತಡವನ್ನೂ ನೋಡಬೇಕು. ತುದಿಯಿಂದ ಬರುವ ನೀರು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಸಾಮಾನ್ಯ ತುದಿಯೊಂದು 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಕೊಡುತ್ತದೆ. 60 ಲೀಟರ್ ಬೇಕಾದರೆ (60/80)ರ ವರ್ಗ, ಅಂದರೆ ಸುಮಾರು 0.56 ಬಾರ್ ಬೇಕು. ಪಂಪ್‌ನಿಂದ ಅತಿ ದೂರದ ತುದಿಗೂ ಇಷ್ಟು ಸಿಗಬೇಕು. ಕರೆಂಟ್ ಹೋದರೂ ಸಿಗಬೇಕು. ಅದಕ್ಕಾಗಿಯೇ ಡೀಸೆಲ್ ಪಂಪ್ ಬಗ್ಗೆ ಕೇಳುತ್ತಾರೆ.

ಸ್ಪ್ರಿಂಕ್ಲರ್ ಒಂದೇ ಸಾಕೇ?

ಸಾಲದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಕೊಂಡರು. ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿ, ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದರು. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್‌ನ ಮೇಲಂತಸ್ತಿನ ಕೋಚಿಂಗ್ ಕ್ಲಾಸ್‌ನಲ್ಲಿ 22 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ವಿದ್ಯಾರ್ಥಿಗಳು. ಎನ್‌ಒಸಿ ಕೊಡುವಾಗ ಮೆಟ್ಟಿಲಿನ ಅಗಲ, ಬಾಗಿಲು ಯಾವ ಕಡೆ ತೆರೆಯುತ್ತದೆ, ಹೊಗೆ ಎಲ್ಲಿ ಹೋಗುತ್ತದೆ ಎಂದೆಲ್ಲ ಕೇಳುವುದು ಇದೇ ಕಾರಣಕ್ಕೆ.

ಪತ್ರ ಸಿಕ್ಕ ಮೇಲೆ

ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ. ಕಚೇರಿಯೆಂದು ಅನುಮತಿ ಪಡೆದ ಮಹಡಿ ತರಗತಿಯಾಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್ ಗೋದಾಮಾಗುತ್ತದೆ. ಸ್ಪ್ರಿಂಕ್ಲರ್ ತುದಿಗೆ ಬಣ್ಣ ಬಳಿದು ಬುರುಡೆ ಮುಚ್ಚಿಹೋಗುತ್ತದೆ. ಸರಕು ಛಾವಣಿಯವರೆಗೆ ಏರುತ್ತದೆ. ತುದಿಯ ಕೆಳಗೆ ಸುಮಾರು ಅರ್ಧ ಮೀಟರ್ ಖಾಲಿ ಬಿಡದಿದ್ದರೆ ನೀರು ಹರಡುವುದೇ ಇಲ್ಲ. ಬಳಕೆ ಬದಲಾದರೆ ಹಳೆಯ ಅನುಮತಿಯ ಲೆಕ್ಕ ತಪ್ಪಾಗುತ್ತದೆ, ಮತ್ತೆ ಅರ್ಜಿ ಹಾಕಬೇಕು.

ಅನುಮತಿ ಎಂದರೆ ಕಚೇರಿ ಅಲೆದಾಟ ಎಂದು ನಮ್ಮಲ್ಲಿ ಹಲವರು ಬೇಸರಪಡುತ್ತಾರೆ. ಅಲೆದಾಟ ಇದೆ, ನಿಜ. ಆದರೆ ಅಲ್ಲಿ ಕೇಳುವ ಪ್ರಶ್ನೆಗಳಿಗೆ ಕಟ್ಟಡ ಏಳುವ ಮೊದಲು ಉತ್ತರಿಸಿದರೆ ಖರ್ಚು ಕಡಿಮೆ. ಬೆಂಕಿ ಬಿದ್ದ ದಿನ ಉತ್ತರಿಸಲು ಸಮಯವೇ ಇರುವುದಿಲ್ಲ.

ಚಟುವಟಿಕೆ: ಈ ವಾರ ನೀವು ಟ್ಯೂಷನ್‌ಗೆ ಹೋಗುವ ಕಟ್ಟಡದಲ್ಲಿ ಮೂರು ವಿಷಯ ಗಮನಿಸಿ. ಎರಡನೇ ಮೆಟ್ಟಿಲು ಎಲ್ಲಿದೆ? ಅದರ ಬಾಗಿಲಿಗೆ ಬೀಗ ಇದೆಯೇ? ಛಾವಣಿಯಲ್ಲಿ ಬುರುಡೆ ಕಾಣುತ್ತದೆಯೇ, ಅದರ ಬಣ್ಣ ಯಾವುದು? ಬೀಗ ಕಂಡರೆ ಅಲ್ಲಿನ ಮೇಲ್ವಿಚಾರಕರಿಗೆ ವಿನಯದಿಂದ ಹೇಳಿ, ಮನೆಯಲ್ಲಿಯೂ ತಿಳಿಸಿ. ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಸಂಖ್ಯೆ 101 ಅಥವಾ 112.