ಮುಪ್ಪಿನ ನಿತ್ರಾಣವೂ ಹುದ್ದೆಯ ಮೆಟ್ಟಿಲೂ

"ವಯಸ್ಸಾಯಿತು, ಇನ್ನು ಕೈಲಾಗದು" ಎಂಬ ಮಾತನ್ನು ನಮ್ಮ ವಾಚನಾಲಯಕ್ಕೆ ಬರುವ ಹಿರಿಯರ ಬಾಯಲ್ಲಿ ಆಗಾಗ ಕೇಳುತ್ತೇವೆ. ಆದರೆ ಅರವತ್ತೈದಕ್ಕೇ ಗೋಡೆ ಹಿಡಿದು ನಡೆಯುವವರಿದ್ದಾರೆ. ಎಂಬತ್ತಾದರೂ ಕಾಯಿಪಲ್ಲೆಯ ಚೀಲ ಹೊತ್ತು ಮೂರು ಮಾಳಿಗೆ ಹತ್ತುವವರೂ ಇದ್ದಾರೆ. ವಯಸ್ಸೊಂದೇ ಕಾರಣವಾಗಿದ್ದರೆ ಹೀಗಾಗಬಾರದು. ವಾಚಕ ಬಂಧುಗಳಲ್ಲಿ ಬಹಳ ಮಂದಿ ಕಾರಕೂನರೂ ಕೆಲಸಗಾರರೂ ಆದ್ದರಿಂದ, ಈ ವಿಷಯವಾಗಿ ನಡೆದ ಸಂಶೋಧನೆಯನ್ನು ಈ ಸಲದ ಪಾಠಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ಅಳತೆಯ ಮಾತು. ೨೦೦೧ರಲ್ಲಿ ಅಮೇರಿಕದ ಲಿಂಡಾ ಫ್ರೀಡ್ ಎಂಬ ವೈದ್ಯೆಯೂ ಅವರ ಜೊತೆಗಾರರೂ ಮುಪ್ಪಿನ ನಿತ್ರಾಣಕ್ಕೆ ಐದು ಗುರುತುಗಳನ್ನು ಕೊಟ್ಟರು. ಬೇಕೆಂದು ಇಳಿಸದೆಯೇ ಒಂದು ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು; ಯಾವ ಕೆಲಸಕ್ಕೂ ಮೈ ಏಳದಂಥ ದಣಿವು; ಕೈಹಿಡಿತ ಸಡಿಲಾಗುವುದು; ನಡಿಗೆ ನಿಧಾನವಾಗುವುದು; ಓಡಾಟ ಕಡಿಮೆಯಾಗುವುದು. ಕೈಹಿಡಿತವನ್ನು ಯಂತ್ರದಿಂದಲೂ, ನಡಿಗೆಯನ್ನು ೧೫ ಅಡಿ ನಡೆಸಿ ಗಡಿಯಾರದಿಂದಲೂ ಅಳೆದರು. ಕುಳ್ಳಗಿರುವವರಿಗೆ ಅನ್ಯಾಯವಾಗದಂತೆ ನಡಿಗೆಯ ಲೆಕ್ಕದಲ್ಲಿ ಎತ್ತರವನ್ನೂ ಹಿಡಿದರು. ಐದರಲ್ಲಿ ಮೂರು ಇದ್ದರೆ ನಿತ್ರಾಣ. ಒಂದೆರಡು ಇದ್ದರೆ ಅದರ ಹೊಸ್ತಿಲು.

ಇದು ಇಂಥದೇ ಎಂಬ ಒಂದು ರೋಗವಲ್ಲ. ತಿಂಗಳ ಕೊನೆಗೆ ಪಗಾರವೆಲ್ಲ ತೀರಿದವನ ಮನೆಗೆ ಅನಿರೀಕ್ಷಿತ ಖರ್ಚೊಂದು ಬಂದರೆ ಹೇಗೋ ಹಾಗೆ. ಗಂಟು ಉಳಿದಿರುವ ದೇಹ ನಾಲ್ಕು ದಿನದ ಜ್ವರವನ್ನು ತಾಳಿಕೊಳ್ಳುತ್ತದೆ. ಗಂಟು ಕರಗಿದ ದೇಹ ಅದೇ ಜ್ವರಕ್ಕೆ ಹಾಸಿಗೆ ಹಿಡಿಯುತ್ತದೆ. ಅವರು ನೋಡಿದ ಐದು ಸಾವಿರಕ್ಕೂ ಮೇಲ್ಪಟ್ಟ ವೃದ್ಧರಲ್ಲಿ, ಏಳು ವರ್ಷಗಳೊಳಗೆ ತೀರಿಕೊಂಡವರು ನಿತ್ರಾಣರಲ್ಲಿ ನೂರಕ್ಕೆ ೪೩, ಗಟ್ಟಿಗರಲ್ಲಿ ನೂರಕ್ಕೆ ೧೨. ನಿತ್ರಾಣವು ಹೆಂಗಸರಲ್ಲಿಯೂ, ಓದು ಮತ್ತು ಆದಾಯ ಕಡಿಮೆ ಇದ್ದವರಲ್ಲಿಯೂ ಹೆಚ್ಚಾಗಿ ಕಂಡಿತು.

ಬಡತನದಿಂದ ಶಕ್ತಿ ಕುಂದುವುದು ಹೊಸ ಸಂಗತಿಯೇ ಎಂದು ಯಾರಾದರೂ ಕೇಳಬಹುದು. ನಮ್ಮನ್ನು ಬೆರಗುಗೊಳಿಸಿದ್ದು ಲಂಡನ್ನಿನ ಸರಕಾರಿ ನೌಕರರ ಕಥೆ. ಅಲ್ಲಿಯ ಕಚೇರಿಗಳಿರುವ ಬೀದಿಯ ಹೆಸರಿನಿಂದ ಅದನ್ನು ವೈಟ್‌ಹಾಲ್ ಅಧ್ಯಯನ ಎನ್ನುತ್ತಾರೆ. ೧೯೬೭ರಲ್ಲಿ ಆರಂಭವಾದ ಮೊದಲ ಅಧ್ಯಯನದಲ್ಲಿ ಗಂಡಸರನ್ನು ಮಾತ್ರ ನೋಡಿದರು. ಅವರಲ್ಲಿ ಉಪವಾಸವಿದ್ದವರಿಲ್ಲ, ಕೆಲಸವಿಲ್ಲದವರಿಲ್ಲ. ಆದರೂ ಹೃದಯದ ರೋಗದಿಂದ ಸತ್ತವರ ಪ್ರಮಾಣ ಮೇಲಧಿಕಾರಿಗಳಿಗಿಂತ ಜವಾನರಲ್ಲಿ ಮೂರು ಪಟ್ಟಿಗೂ ಹೆಚ್ಚಾಗಿತ್ತು. ನಡುವಿನವರು ನಡುವೆಯೇ ಇದ್ದರು: ಕಾರಕೂನನಿಗೆ ಜವಾನನಿಗಿಂತ ಲೇಸು, ತನ್ನ ಮೇಲಿನ ಅಧಿಕಾರಿಗಿಂತ ಕೇಡು. ಅಂದರೆ ಇದು ಬಡವ ಬಲ್ಲಿದ ಎಂಬ ಎರಡು ಕೋಣೆಯಲ್ಲ, ಮೆಟ್ಟಿಲು. ಬೀಡಿ ಸಿಗರೇಟು, ರಕ್ತದೊತ್ತಡಗಳನ್ನು ಲೆಕ್ಕದಿಂದ ಕಳೆದರೂ ಮೆಟ್ಟಿಲು ಅಳಿಯಲಿಲ್ಲ.

೧೯೮೫ರಲ್ಲಿ ಎರಡನೆಯ ಅಧ್ಯಯನ ಹೂಡಿದರು. ೧೦,೩೦೮ ಮಂದಿ, ಹೆಂಗಸರೂ ಸೇರಿ. ಅದನ್ನು ನಡೆಸಿದ ಮೈಕೆಲ್ ಮಾರ್ಮಟ್ ಅವರೂ ಸಂಗಡಿಗರೂ ೧೯೯೭ರಲ್ಲಿ ಬರೆದ ಒಂದು ಮಾತು ಮೇಜಿನ ಮುಂದೆ ಕೂತವರಿಗೆಲ್ಲ ತಾಗುವಂಥದು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಈ ಹೃದ್ರೋಗದ ವ್ಯತ್ಯಾಸಕ್ಕೆ ದೊಡ್ಡ ಕಾರಣವೆಂದು ಅವರು ಕಂಡರು.

ಇವರಲ್ಲೇ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು, ೪೫ರಿಂದ ೫೫ರ ವಯಸ್ಸಿನಲ್ಲಿ ನೋಡಿದ್ದವರನ್ನು, ಸುಮಾರು ೧೮ ವರ್ಷಗಳ ತರುವಾಯ ಆ ಐದು ಗುರುತುಗಳಿಂದ ಪರೀಕ್ಷಿಸಿದ ವರದಿ ೨೦೧೮ರಲ್ಲಿ ಬಂತು. ಕೆಳಹುದ್ದೆಯಲ್ಲಿದ್ದವರಲ್ಲಿ ನಿತ್ರಾಣ ಹೆಚ್ಚು. ಆ ಅಂತರದ ಬಹುಪಾಲು ನಡುವಯಸ್ಸಿನಲ್ಲೇ ಬೇರು ಬಿಟ್ಟಿತ್ತು: ವ್ಯಾಯಾಮದ ಕೊರತೆ, ಧೂಮಪಾನ, ಮೈತೂಕ, ರಕ್ತದಲ್ಲಿ ಕಾಣುವ ಉರಿಯೂತದ ಗುರುತು. ಹೀಗಾಗಿ ಈ ಪಾಠ ಹಿರಿಯ ಸದಸ್ಯರಿಗೆ ಎಷ್ಟೋ, ನಲವತ್ತೈದರ ನಮ್ಮ ಮಿತ್ರರಿಗೂ ಅಷ್ಟೇ.

ನಮ್ಮ ದೇಶದಲ್ಲಿಯೂ ಅಳತೆ ನಡೆದಿದೆ. ಮುಂಬಯಿಯ ದೇವನಾರದಲ್ಲಿರುವ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ೨೦೧೭-೧೮ರಲ್ಲಿ, ೪೫ ದಾಟಿದ ೭೨,೦೦೦ಕ್ಕೂ ಹೆಚ್ಚು ಜನರ ಮನೆಗಳಿಗೆ ಹೋಗಿ ಕೈಹಿಡಿತವನ್ನೂ ನೋಡಿ ಬಂದರು. ಇಲ್ಲಿಯೂ ಹೆಂಗಸರ, ಅಕ್ಷರವಿಲ್ಲದವರ ಪಾಲೇ ಭಾರ.

ಇದಕ್ಕೆ ಉಪಾಯವಿಲ್ಲವೇ? ೧೯೯೪ರಲ್ಲಿ ಬೋಸ್ಟನ್ನಿನ ಒಂದು ವೃದ್ಧಾಲಯದ ನೂರು ಮಂದಿ ನಿತ್ರಾಣರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ವಯಸ್ಸು ೭೨ರಿಂದ ೯೮. ಒಂದು ಗುಂಪಿಗೆ ವಾರಕ್ಕೆ ಮೂರು ದಿನದಂತೆ ಹತ್ತು ವಾರ, ಸೊಂಟ ಮೊಣಕಾಲುಗಳ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಅವರ ಶಕ್ತಿ ಇಮ್ಮಡಿಗೂ ಮೀರಿತು, ನಡಿಗೆ ಚುರುಕಾಯಿತು, ಮೆಟ್ಟಿಲು ಹತ್ತುವ ಕಸುವು ಹೆಚ್ಚಿತು. ವ್ಯಾಯಾಮವಿಲ್ಲದೆ ಬರಿಯ ಪೌಷ್ಟಿಕ ಪಾನೀಯ ಕುಡಿದವರಿಗೆ ಅಂಥ ಗುಣ ಕಾಣಲಿಲ್ಲ. ದುಬಾರಿ ಡಬ್ಬಿಗಳಿಗೆ ಪಗಾರ ಸುರಿಯುವವರು ಇದನ್ನು ಗಮನಿಸಬೇಕು.

ವ್ಯಾಯಾಮ ಮಾಡಿರೆಂದು ಬರೆಯುವುದು ಸುಲಭ. ದಿನಕ್ಕೆ ಮೂರು ತಾಸು ರೈಲಿನಲ್ಲಿ ನಿಂತು ಬರುವವನಿಗೆ ಪುರಸತ್ತು ಎಲ್ಲಿಯದು ಎಂಬುದು ನಮಗೂ ಗೊತ್ತಿದೆ. ಮೆಟ್ಟಿಲಿನ ಕೆಳಗಿರುವವನಿಗೆ ಇಲ್ಲದಿರುವುದು ಆ ಪುರಸತ್ತೇ. ಆದರೂ ಮನೆಯ ಹಿರಿಯರನ್ನು ಕೈ ಊರದೆ ಕುರ್ಚಿಯಿಂದ ನಾಲ್ಕಾರು ಸಲ ಎದ್ದು ಕೂರಿಸಲು ಖರ್ಚಿಲ್ಲ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಅಜ್ಜಿಯ ರವಿಕೆ ಕಾರಣವಿಲ್ಲದೆ ಸಡಿಲವಾಗುತ್ತ ಬಂದಿದ್ದರೆ, ವಯಸ್ಸಿನ ಮೇಲೆ ಹಾಕಿ ಬಿಡದೆ, ತೂಕ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿರಿ.