ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಯಾನ: ದೂರ ಮತ್ತು ಸಮಯದ ಮುಖ್ಯಾಂಶಗಳು

ಅಕ್ಷಾಂಶ, ರೇಖಾಂಶ, ಕಾಲವಲಯ, ಜೆಟ್ ಪ್ರವಾಹ ಈ ನಾಲ್ಕನ್ನೂ ಒಟ್ಟಿಗೆ ಕಲಿಯಲು ಈ ಒಂದು ಮಾರ್ಗ ಸಾಕು. ಅಂಕಿಗಳ ಜೊತೆಗೆ ಅವುಗಳ ಕಾರಣವನ್ನೂ ಓದಿಕೊಳ್ಳಿ. ಪರೀಕ್ಷೆಯಲ್ಲಿ ಊರು ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ಮೊದಲ ಹಾರಾಟ
- ಸಂಸ್ಥೆ: ಏರ್ ಇಂಡಿಯಾ. ವಿಮಾನ: ಬೋಯಿಂಗ್ 777-200 ಎಲ್‌ಆರ್.
- 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ನಡುವೆ ಎಲ್ಲೂ ನಿಲುಗಡೆ ಇರಲಿಲ್ಲ.
- ಪೈಲಟ್‌ಗಳೆಲ್ಲರೂ ಮಹಿಳೆಯರು. ನೇತೃತ್ವ: ಕ್ಯಾಪ್ಟನ್ ಜೋಯಾ ಅಗರ್ವಾಲ್. ಉತ್ತರ ಧ್ರುವದ ಮೇಲಿನ ದಾರಿ ಹಿಡಿದ ಈ ಹಾರಾಟ ಭಾರತೀಯ ವಿಮಾನಯಾನಕ್ಕೆ ಹೆಮ್ಮೆಯ ಅಧ್ಯಾಯ.

ದೂರ
- ನೇರ ದೂರ: ಸುಮಾರು 14,000 ಕಿ.ಮೀ. ಇದು ಮಹಾವೃತ್ತದ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿಯ ಅಳತೆ.
- ಗೋಡೆಯ ನಕ್ಷೆಯಲ್ಲಿ ಎರಡೂ ಊರುಗಳ ನಡುವೆ ಪೆಸಿಫಿಕ್ ದಾಟಿ ಎಳೆದ ಸರಳರೇಖೆ ಸುಮಾರು 16,100 ಕಿ.ಮೀ. ಆಗುತ್ತದೆ. ನಕ್ಷೆಯಲ್ಲಿ ನೇರವಾಗಿ ಕಾಣುವುದು ಗೋಳದ ಮೇಲೆ ಸುತ್ತುದಾರಿ.
- ಕಾರಣ: ಬೆಂಗಳೂರು 77.6° ಪೂರ್ವ, ಸ್ಯಾನ್ ಫ್ರಾನ್ಸಿಸ್ಕೊ 122.4° ಪಶ್ಚಿಮ. ಚಿಕ್ಕ ಅಂತರ 160°. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ, ಎರಡೂ ಉತ್ತರಾರ್ಧಗೋಳದಲ್ಲಿವೆ. ಹಾಗಾಗಿ ಹತ್ತಿರದ ದಾರಿ ಉತ್ತರಕ್ಕೆ ಬಾಗುತ್ತದೆ.
- ಸರಿಯಾಗಿ ಧ್ರುವದ ಮೇಲೆಯೇ ಹೋದರೂ ದೂರ ಸುಮಾರು 14,400 ಕಿ.ಮೀ. ಮಾತ್ರ.

ಹಾರಾಟದ ಅವಧಿ
- ಸಾಮಾನ್ಯವಾಗಿ 16ರಿಂದ 18 ಗಂಟೆ.
- ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. ಬೆನ್ನಗಾಳಿ ಸಿಕ್ಕರೆ ಸಮಯ, ಇಂಧನ ಎರಡೂ ಉಳಿತಾಯ. ಆದ್ದರಿಂದ ದಾರಿಯನ್ನು ಅಂದಿನ ಗಾಳಿ ನೋಡಿ ನಿಗದಿ ಮಾಡುತ್ತಾರೆ.

ಗಡಿಯಾರದ ಲೆಕ್ಕ
- ಭೂಮಿ 1° ತಿರುಗಲು 4 ನಿಮಿಷ, 15°ಗೆ 1 ಗಂಟೆ.
- ಭಾರತೀಯ ಕಾಲಮಾನ ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗಿಂತ 13 ಗಂಟೆ 30 ನಿಮಿಷ ಮುಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ವ್ಯತ್ಯಾಸ 12 ಗಂಟೆ 30 ನಿಮಿಷ.
- ಸೂತ್ರ: ಹೊರಟ ಸಮಯ + ಹಾರಾಟದ ಅವಧಿ ± ಕಾಲವ್ಯತ್ಯಾಸ.

ಮಾದರಿ ಲೆಕ್ಕ (ಚಳಿಗಾಲ)
- ಬೆಂಗಳೂರಿನಿಂದ: ಸೋಮವಾರ ಮಧ್ಯಾಹ್ನ 2.00 + 16 ಗಂಟೆ = ಮಂಗಳವಾರ ಬೆಳಿಗ್ಗೆ 6.00. ಅದರಲ್ಲಿ 13.30 ಕಳೆದರೆ ಅಲ್ಲಿ ಸೋಮವಾರ ಸಂಜೆ 4.30.
- ಬೆಂಗಳೂರಿಗೆ: ಶನಿವಾರ ರಾತ್ರಿ 8.30 + 17 ಗಂಟೆ = ಭಾನುವಾರ ಮಧ್ಯಾಹ್ನ 1.30. ಅದಕ್ಕೆ 13.30 ಕೂಡಿಸಿದರೆ ಇಲ್ಲಿ ಸೋಮವಾರ ನಸುಕಿನ 3.00.

ತಪ್ಪದೆ ನೆನಪಿಡಿ
- ಪೂರ್ವದ ಊರಿಗೆ ಕೂಡಿಸಿ, ಪಶ್ಚಿಮದ ಊರಿಗೆ ಕಳೆಯಿರಿ. ಇಲ್ಲಿ ಪೂರ್ವ, ಪಶ್ಚಿಮ ಎಂದರೆ ಊರಿನ ರೇಖಾಂಶ. ವಿಮಾನ ಯಾವ ದಿಕ್ಕಿನಲ್ಲಿ ಹಾರಿದರೂ ಉತ್ತರ ಅದೇ.